ಮಂಗ ಚೀಪಿದ 63 ಅಡಿಕೆ

ಊರಿಗೆ ಬಂದು ನಾಲ್ಕನೇ ದಿನ. ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ ಒಂದೇ ಮರದ ಬುಡದಿಂದ ಮಂಗ ಚೀಪಿ ಬಿಸಾಡಿದ ಎಳೆ ಅಡಿಕೆ ಹೆಕ್ಕಿ ಎಣಿಸಿದೆ. 63. ಅಪ್ಪಯ್ಯನಿಗೆ ಹೇಳಿದರೆ ನಕ್ಕುಬಿಟ್ಟರು. "ಎಣಿಸಿದ್ರೆ ಅವು ವಾಪಸ್ ಮರ ಹತ್ತುತ್ವಾ ಮಾರಾಯ?" ಕೊಳೆ ರೋಗಕ್ಕೆ ಔಷಧಿ ಹೊಡೆಯಲು ಬಂದಿದ್ದ ಕೊನೆಗೌಡನೂ (ಮರ ಹತ್ತಿ ಅಡಿಕೆ ಗೊನೆ ಇಳಿಸುವವನು) ನಕ್ಕ. ನನಗೆ ಚುರುಕ್ ಅಂತು.

ನಾನಿರುವುದು ಸ್ಕಾಟ್ಲೆಂಡಿನ ಇನ್ವರ್ನೆಸ್ ಹತ್ತಿರ. ಪಕ್ಕದ ಮನೆಯವರು ಸಿಟ್ಕಾ ಸ್ಪ್ರೂಸ್ ತೋಪು ನೋಡಿಕೊಳ್ಳುತ್ತಾರೆ. ಸೂಜಿಯೆಲೆಯ ಮರ, ಗುಡ್ಡಕ್ಕೆ ಗುಡ್ಡವೇ ಅದೊಂದೇ ಜಾತಿ. ಅಲ್ಲಿ ಕಾಟ ಮಂಗನದ್ದಲ್ಲ, ಜಿಂಕೆಯದ್ದು. ಒಂದು ಭಾನುವಾರ ಅವರ ಜೊತೆ ಹೋಗಿದ್ದೆ. ನೂರು ಸಸಿ ನೋಡುವುದು, ಎಷ್ಟರ ತುದಿಕುಡಿ ಹೋಗಿದೆ ಅಂತ ಬರೆದುಕೊಳ್ಳುವುದು. ಕುಡಿ ತಿಂದರೆ ಸಸಿ ಸಾಯಲ್ಲ. ಪಕ್ಕದ ಎರಡು ಕೊಂಬೆ ಪೈಪೋಟಿಗೆ ಬಿದ್ದು ಮೇಲೇಳುತ್ತವೆ, ಮರ ಕವೆಯಾಗುತ್ತದೆ. ಸುಮಾರು 40 ವರ್ಷಕ್ಕೆ ಕಡಿದಾಗ ಅದು ಹಲಗೆಗೆ ಬರಲ್ಲ. ಚೂರಾಗಿ ಅಗ್ಗಕ್ಕೆ ಹೋಗುತ್ತದೆ. ದೊಡ್ಡ ಜಿಂಕೆ ತೊಗಟೆ ಸುಲಿದರಂತೂ ಗಾಯಕ್ಕೆ ಕೊಳೆ ಹಿಡಿದು ಬುಡದ ಒಳ್ಳೆಯ ತುಂಡೇ ಹಾಳು. ಇವತ್ತಿನ ಒಂದು ತುತ್ತು, 40 ವರ್ಷದಾಚೆಯ ನಷ್ಟ. ಅದನ್ನು ಈಗಲೇ ದುಡ್ಡಿನಲ್ಲಿ ಬರೆದಿಟ್ಟು, ಬೇಲಿಯ ಖರ್ಚು ಅದಕ್ಕಿಂತ ಕಮ್ಮಿಯಾ ಜಾಸ್ತಿಯಾ ನೋಡುತ್ತಾರೆ.

ನಮ್ಮಲ್ಲಿ? ಹೋದ ವರ್ಷ ಕಾಡುಕೋಣ ನುಗ್ಗಿ ಅಡಿಕೆ ಸಸಿ ತುಳಿದವು. ಪರಿಹಾರ ಕೊಡಲು ನೋಡಿಹೋಗಲು ಬಂದವರು ಎಷ್ಟು ಹೋಗಿದೆ ಅಂತ ಕೇಳಿದ್ದಕ್ಕೆ ಅಪ್ಪಯ್ಯ "ಸುಮಾರು ಹೋಗಿದೆ" ಅಂದರಂತೆ. ಸುಮಾರಿಗೆ ಸುಮಾರಾಗಿಯೇ ದುಡ್ಡು ಬಂತು. ಶರಾವತಿ ಹಿನ್ನೀರಿನ ಕಡೆ ಮಂಗಗಳಿಗೊಂದು ಪಾರ್ಕ್ ಆಗುತ್ತೆ ಅಂತ ಜಗಲಿಯಲ್ಲಿ ಎಷ್ಟು ಮಾತಾಡಿದ್ದೇವೆ! ರಾಶಿ, ಬೆಟ್ಟೆ ಅಂತ ಅಡಿಕೆಯ ಒಂದೊಂದು ಬಗೆಯ ದರ ಎಲ್ಲರಿಗೂ ಬಾಯಿಪಾಠ. ಎಕರೆಗೆ ಎಷ್ಟು ಕ್ವಿಂಟಾಲ್ ಮಂಗನ ಪಾಲು ಅಂದರೆ ಒಬ್ಬರ ಹತ್ತಿರವೂ ಒಂದು ಚೀಟಿ ಇಲ್ಲ.

ಸರಿ, ಇದನ್ನೂ ಹೇಳಬೇಕು. ಅಲ್ಲಿನ ಲೆಕ್ಕ ಮುಗಿಯುವುದು ಕೋವಿಯಲ್ಲಿ. ಜಿಂಕೆ ಹೊಡೆಯುತ್ತಾರೆ, ಮಾಂಸ ಅಂಗಡಿಯಲ್ಲಿ ಸಿಗುತ್ತದೆ. ಜಿಂಕೆ ಹಿಡಿಯುವ ತೋಳವನ್ನು ಎಂದೋ ಮುಗಿಸಿಯಾಗಿದೆ. ಜಿಂಕೆಗೆಂದು ಹಾಕಿದ ಬೇಲಿಗೆ ಬಡಿದು ಕೇಪರ್‌ಕೇಲಿ ಅನ್ನುವ ದೊಡ್ಡ ಕಾಡುಹಕ್ಕಿ ಸಾಯುತ್ತದೆ. ಅದೋ, ಮೊದಲೇ ಅಪರೂಪ. ಅದನ್ನು ಯಾವ ಕಾಲಮ್ಮಿನಲ್ಲಿ ಬರೀತೀರಿ ಅಂತ ಕೇಳಿದ್ದೆ. ಪಕ್ಕದ ಮನೆಯವರು ಮಾತು ತಿರುಗಿಸಿದರು. ಆ ಸ್ಪ್ರೂಸ್ ಕೂಡ 1831ರಲ್ಲಿ ಅಮೆರಿಕದಿಂದ ಬಂದದ್ದು, ನಮ್ಮ ಗುಡ್ಡಗಳಿಗೆ ಆಸ್ಟ್ರೇಲಿಯಾದ ಅಕೇಶಿಯಾ ಬಂದ ಹಾಗೆ. ಅಕೇಶಿಯಾ ತೋಪಿನಲ್ಲಿ ಮಂಗನಿಗೆ ಒಂದು ಹಣ್ಣಾದರೂ ಎಲ್ಲಿದೆ? ತೋಟಕ್ಕೆ ಬರದೆ ಇನ್ನೇನು ಮಾಡಬೇಕು ಅವು? ಅಪ್ಪಯ್ಯ ಬೇಲಿ ಪಕ್ಕದ ಹಲಸಿನ ಮರದ ಹಣ್ಣು ಇಳಿಸುವುದೇ ಇಲ್ಲ. "ಅದು ಅವುಕ್ಕೆ" ಅಂತಾರೆ.

ಆದರೂ ಚೀಟಿಯಲ್ಲಿ 63 ಅಂತ ಬರೆದೆ. ಬರೆಯುತ್ತಿರುವಾಗಲೇ ತೋಟದಲ್ಲಿ ಮಂಗ ಓಡಿಸಲು ಅಪ್ಪಯ್ಯ ಹಚ್ಚಿದ ಗರ್ನಾಲು ಪಟಾಕಿ ಢಂ ಅಂತು. ಅದರ ದುಡ್ಡನ್ನೂ ಕೆಳಗೆ ಸೇರಿಸಿದೆ.