ಸ್ಟಿಕ್ ಬಂತು, ನಂಬರ್ ಹೋಯ್ತು

ಕೇಬಲ್ ತೆಗೆಸೋಣ ಅಂದಾಗ ಮನೆಯಲ್ಲಿ ಮೊದಲು ಅಡ್ಡ ಬಂದದ್ದು ನಂಬರು. ನಮ್ಮ ಅತ್ತೆಗೆ ಚಾನೆಲ್ಲಿನ ಹೆಸರೇ ಬೇಕಿರಲಿಲ್ಲ. ಕನ್ನಡಕ ಹುಡುಕದೆ, ರಿಮೋಟಿನ ಕಡೆ ನೋಡದೆ, ಬರೀ ಹೆಬ್ಬೆರಳಲ್ಲಿ ಮೂರು ಗುಂಡಿ ಒತ್ತಿದರೆ ಧಾರಾವಾಹಿ, ಇನ್ನು ಮೂರು ಒತ್ತಿದರೆ ಚಂದನ. ಈಗ ಬಂದಿರುವುದು ಟಿವಿಗೆ ಚುಚ್ಚಿ ನೆಟ್ ಮೂಲಕ ನೋಡುವ ಸ್ಟಿಕ್ಕು. ಅದರ ರಿಮೋಟಿನಲ್ಲಿ ನಂಬರೇ ಇಲ್ಲ. ಒಂದು ಉಂಗುರ, ನಡುವೆ ಒಂದು ಗುಂಡಿ, ಒಂದು ಮೈಕು. ಮೈಕಿಗೆ ಮಾತಾಡಿ ಅಂದರೆ ಅತ್ತೆ ಅದನ್ನು ಬಾಯಿಗೆ ಹಿಡಿದು, ಆಚೆ ಬೀದಿಯವರನ್ನು ಕರೆದ ಹಾಗೆ ಕೂಗುತ್ತಾರೆ. ಅದು ಕೇಳಿಸಿಕೊಂಡು ಇನ್ಯಾವುದೋ ಸಿನಿಮಾ ತೋರಿಸುತ್ತದೆ. ಅದನ್ನೇ ಕೂತು ನೋಡುತ್ತಾರೆ, ಪಾಪ.

ದುಡ್ಡು ಉಳಿಯುತ್ತೆ ಅಂದುಕೊಂಡು ಬಿಟ್ಟವರೇ ಜಾಸ್ತಿ. ಹಿಂದೆ ವಯರನ್ನು ನೇರವಾಗಿ ಟಿವಿಗೇ ಚುಚ್ಚುತ್ತಿದ್ದರು. 2013ರಲ್ಲಿ ಮೈಸೂರಿಗೂ ಸೆಟ್ ಟಾಪ್ ಬಾಕ್ಸ್ ಕಡ್ಡಾಯವಾಯಿತು. 2019ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಹೊಸ ನಿಯಮ ತಂದು, ಬೇಕಾದ ಚಾನೆಲ್ಲಿಗಷ್ಟೇ ದುಡ್ಡು ಕೊಡಿ ಎಂದಿತು. ಆಗ ನೂರು ಚಾನೆಲ್ಲಿನವರೆಗೆ ತಿಂಗಳಿಗೆ ಹೆಚ್ಚೆಂದರೆ 130 ರೂಪಾಯಿ, ತೆರಿಗೆ ಬೇರೆ, ಪೇ ಚಾನೆಲ್ಲಿನ ರೇಟು ಬೇರೆ. ಪಟ್ಟಿ ಹಿಡಿದು ಮನೆಮಂದಿಯೆಲ್ಲ ಕೂಡಿ ಕಳೆದದ್ದೇ ಕಳೆದದ್ದು. ಈಗ ಆಪ್‌ಗಳ ಚಂದಾ ನೋಡಿದರೆ ಅದೇ ಪಟ್ಟಿ ವೇಷ ಬದಲಾಯಿಸಿ ಬಂದಿದೆ, ಅಷ್ಟೆ.

ನನಗೆ ನಿಜವಾಗಿ ಮಜಾ ಕೊಟ್ಟದ್ದು ದಸರಾ. ನಮ್ಮದು ಚಾಮುಂಡಿಪುರಂ. ಜಂಬೂಸವಾರಿ ಇಲ್ಲೇ ಅರಮನೆ ಹತ್ತಿರ ನಡೆಯುತ್ತದೆ, ನಾವು ಟಿವಿ ಮುಂದೆ ಕೂತಿರುತ್ತೇವೆ. ಜನಜಂಗುಳಿಯಲ್ಲಿ ಯಾರು ಒದ್ದಾಡುತ್ತಾರೆ ಹೇಳಿ? ಯೂಟ್ಯೂಬಿನಲ್ಲಿ ನೇರ ಪ್ರಸಾರ ಹಾಕಿದ್ದೆ. ಕಿಟಕಿಯಿಂದ ಕುಶಾಲತೋಪು ಢಂ ಎಂದಿತು. ಟಿವಿಯಲ್ಲಿ ಮುಖ್ಯಮಂತ್ರಿಗಳು ಇನ್ನೂ ಹೂವನ್ನೇ ಹಾಕಿರಲಿಲ್ಲ. "ಏನಮ್ಮಾ, ತೋಪು ಹಾರಿಸಿ ಆದಮೇಲೆ ಪೂಜೆನಾ?" ಎಂದರು ಅತ್ತೆ.

ಸ್ಟ್ರೀಮಿಂಗ್‌ನಲ್ಲಿ, ಅಂದರೆ ನೆಟ್ ಮೂಲಕ ತೋರಿಸುವಾಗ, ಚಿತ್ರವನ್ನು ಕೆಲವು ಸೆಕೆಂಡುಗಳ ತುಂಡು ಮಾಡಿ ಕಳಿಸುತ್ತಾರೆ. ನಮ್ಮ ಟಿವಿ ಒಂದಷ್ಟು ತುಂಡು ಕೂಡಿಟ್ಟುಕೊಂಡ ಮೇಲೆಯೇ ತೋರಿಸಲು ಶುರು ಮಾಡುತ್ತದೆ. ಅದಕ್ಕೇ ತಡ. ನೆಟ್ ಸೊರಗಿದರೆ ಮಸುಕಾದ ತುಂಡನ್ನು ತರಿಸಿಕೊಂಡು ಹೇಗೋ ಸಂಭಾಳಿಸುತ್ತದೆ. ಇದನ್ನೆಲ್ಲ ಅತ್ತೆಗೆ ವಿವರಿಸಿ ಮುಗಿಸುವಷ್ಟರಲ್ಲಿ ಅಂಬಾರಿ ಹೊರಟಿತ್ತು. ಪಕ್ಕದ ಮನೆಯಲ್ಲಿ ಇನ್ನೂ ಕೇಬಲ್ ಇದೆ. ಕ್ರಿಕೆಟ್ ಇದ್ದ ದಿನ ಅವರ ಕೂಗು ಕೇಳಿಸಬಾರದೆಂದು ನಮ್ಮವರು ಕಿಟಕಿ ಹಾಕಿಬಿಡುತ್ತಾರೆ.

ಕೇಬಲ್ ಬೇಡ ಎಂದರೆ ಕಲೆಕ್ಷನ್‌ಗೆ ಬರುವ ಹುಡುಗ ಬೇಜಾರು ಮಾಡಿಕೊಳ್ಳುತ್ತಾನೇನೋ ಅನ್ನಿಸಿತ್ತು. ಅವನು ನಕ್ಕ. "ನೆಟ್ಟೂ ನಮ್ದೇ ಅಕ್ಕ, ನಾಳೆನೇ ಎಳೀತೀನಿ" ಎಂದ. ಹೇಳಿದ ಹಾಗೆ ಬಂದು, ತಾರಸಿ ಹತ್ತಿ, ತೆಂಗಿನ ಗರಿ ಸರಿಸಿ, ಅದೇ ಕಂಬದಿಂದ ಸಣ್ಣ ಫೈಬರ್ ಎಳೆದ. ಹಳೇ ದಪ್ಪ ಕೇಬಲ್ ಮಾತ್ರ ಹಾಗೇ ತೂಗಾಡುತ್ತಿತ್ತು.

"ಅದನ್ನ ಬಿಚ್ಚಲ್ವೇನಪ್ಪಾ?" ಎಂದೆ.

"ಇರ್ಲಿ ಬಿಡಿ ಅಕ್ಕ. ಇದನ್ನ ಅದಕ್ಕೇ ಕಟ್ಟಿರೋದು."