ಹೊಳೆಗೆ ಬಿಟ್ಟುಕೊಟ್ಟ ಗದ್ದೆಯಲ್ಲಿ ಒಂದು ನಡಿಗೆ

ಸಕಲೇಶಪುರದಿಂದ ಕೆಳಗೆ, ಹೇಮಾವತಿ ಬಳಸಿ ತಿರುಗುವ ಒಂದು ಮಗ್ಗುಲಲ್ಲಿ ಹಿಂದೆ ಗದ್ದೆಬಯಲಾಗಿದ್ದ ಜಾಗ ಈಗ ಕಾಡಾಗಿದೆ. ಮಳೆಗಾಲ ಕಳೆದು ನೀರು ಇಳಿದ ಮೇಲೆ ಅಲ್ಲಿನ ಕಾಲುದಾರಿಯಲ್ಲಿ ದಡದುದ್ದಕ್ಕೂ ನಡೆದು ಬಂದೆ. ನೆರೆಗೆ ಅಡ್ಡಲಾಗಿ ತಡೆಗೋಡೆ ಕಟ್ಟುವ ಮಾತಾಡುವ ಮೊದಲು, ಅದು ಹರಡಿಕೊಳ್ಳುವ ಜಾಗವನ್ನು ಹೊಳೆಗೇ ಬಿಟ್ಟು ಅಲ್ಲಿ ಹೊಳೆದಡದ ಮರಗಳನ್ನು ಬೆಳೆಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಜಮೀನಿನವರು ಕಾಡು ಬೆಳೆಸಬೇಕೆಂದು ಗದ್ದೆ ಬಿಟ್ಟವರಲ್ಲ. "ನಾಟಿ ಮಾಡಿದ್ದು ಮುಳುಗಿ ಹೋದ್ರೆ ಆಳಿನ ಕೂಲಿನೂ ಹುಟ್ತಿರ್ಲಿಲ್ಲ ಕಣಪ್ಪ, ಅದಕ್ಕೇ ಹಡ್ಲು ಬಿಟ್ವಿ" ಎಂದರು ಆ ಮನೆಯ ಹಿರಿಯರು. ಕಾಫಿ ತೋಟದ ರೂಢಿಯಂತೆ ಮೊದಲು ಸಿಲ್ವರ್ ಓಕ್ ನೆಟ್ಟರಂತೆ. ಬುಡದಲ್ಲಿ ನೀರು ನಿಂತರೆ ಆ ಮರ ತಾಳುವುದಿಲ್ಲ, ಸಸಿಗಳು ಕೊಳೆತವು. ಆಮೇಲೆ ಹೊಳೆಮತ್ತಿ, ಹೊಂಗೆ, ಅತ್ತಿ, ನೇರಳೆ, ಹೊಳೆದಾಸವಾಳಗಳನ್ನು ತಂದು ನೆಟ್ಟು, ದನ ನುಗ್ಗದಂತೆ ಬೇಲಿ ಹಾಕಿ, ಉಳಿದದ್ದನ್ನು ಮಳೆಗೆ ಬಿಟ್ಟರು.

ಆಳೆತ್ತರದ ಹೊಂಗೆಯ ಕೊಂಬೆಯೊಂದರಲ್ಲಿ ಒಣಹುಲ್ಲು ಮತ್ತು ಹರಿದ ಗೊಬ್ಬರದ ಚೀಲ ಸಿಕ್ಕಿಕೊಂಡಿದ್ದವು. ನೆರೆ ಅಲ್ಲಿಯವರೆಗೆ ಏರಿತ್ತು. ಆದರೂ ಬುಡದ ಮಣ್ಣು ಕದಲಿರಲಿಲ್ಲ. ತರಗೆಲೆ ಸರಿಸಿ ನೋಡಿದರೆ ಬೆರಳು ದಪ್ಪದ ನುಣ್ಣನೆಯ ಮೆಕ್ಕಲು, ಅದರಡಿ ಹಿಂದಿನ ವರ್ಷದ ಕೊಳೆತ ಎಲೆ, ಅದರಡಿ ಮತ್ತೆ ಮೆಕ್ಕಲು. ಕಾಂಡಗಳ ನಡುವೆ ನುಗ್ಗುವ ನೀರಿನ ವೇಗ ತಗ್ಗಿದಾಗ ಅದು ಹೊತ್ತು ತಂದ ಮಣ್ಣು ಅಲ್ಲೇ ಇಳಿಯುತ್ತದೆ. ಇಲ್ಲವಾದರೆ ಅದೆಲ್ಲ ಸಾಗಿಹೋಗಿ ಗೊರೂರಿನ ಜಲಾಶಯದ ತಳ ಸೇರುತ್ತದೆ. ಆ ಮೆಕ್ಕಲಿನಲ್ಲಿ ಯಾರೂ ನೆಡದ ಹೊಳೆಮತ್ತಿಯ ಸಸಿಗಳು ಎದ್ದಿದ್ದವು. ಐದು ರೆಕ್ಕೆಯ ಅದರ ಕಾಯಿ ನೀರಿನಲ್ಲಿ ತೇಲಿ ಬಂದು ಇಲ್ಲಿ ಬೇರೂರಿತ್ತು. ನೆಟ್ಟ ಕಾಡು ತಾನಾಗಿ ಕಾಡಾಗುತ್ತಿದೆ ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಗುರುತು ಬೇಕಿಲ್ಲ.

ಬಲ್ಲಾಳರಾಯನದುರ್ಗದ ಆಸುಪಾಸಿನಲ್ಲಿ ಹುಟ್ಟುವ ಈ ಹೊಳೆ 2019ರ ಆಗಸ್ಟ್‌ನಲ್ಲಿ ಉಕ್ಕಿದಾಗ ಸಕಲೇಶಪುರದ ಹೊಳೆಮಲ್ಲೇಶ್ವರ ದೇವಸ್ಥಾನಕ್ಕೂ ನೀರು ನುಗ್ಗಿತ್ತು. ಅಂಥ ನೆರೆಯನ್ನು ಒಂದು ತುಂಡು ಕಾಡು ತಡೆಯುತ್ತದೆಂದು ನಾನು ಹೇಳುವುದಿಲ್ಲ. ಆದರೆ ಒಂದು ಕಡೆ ಗೋಡೆ ಎಬ್ಬಿಸಿದರೆ ಆ ನೀರು ಎದುರುದಡಕ್ಕೋ ಕೆಳಗಿನ ಊರಿಗೋ ಹೊರಳುತ್ತದೆ. ಇಂಥ ಬಯಲಿನಲ್ಲಾದರೆ ಅದು ಹರಡಿಕೊಂಡು ನಿಧಾನವಾಗಿ ಇಳಿಯುತ್ತದೆ.

ದಡದ ಗದ್ದೆಯವರು ಇದನ್ನು ಸ್ವಂತ ಖರ್ಚಿನಲ್ಲಿ ಮಾಡಲಿ ಎನ್ನುವುದು ನ್ಯಾಯವಲ್ಲ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ, ರೈತರು ನೆಟ್ಟು ಉಳಿಸಿಕೊಂಡ ಸಸಿಗಳಿಗೆ ಮೂರು ವರ್ಷ ಪ್ರೋತ್ಸಾಹಧನ ಕೊಡುವ ಕ್ರಮವಿದೆ. ನೆರೆ ಮುಳುಗಿಸುವ ಜಮೀನಿಗೆ ಮೊದಲ ಆದ್ಯತೆ ಕೊಟ್ಟು, ಹೊಳೆಮತ್ತಿ ಹೊಂಗೆಗಳಂಥ ಸಸಿಗಳನ್ನು ಮಳೆಗಾಲಕ್ಕೆ ಮೊದಲೇ ನರ್ಸರಿಯಲ್ಲಿ ಸಿಗುವಂತೆ ಮಾಡಿ, ಬೇಲಿಯ ಖರ್ಚನ್ನೂ ಅದರಲ್ಲಿ ಸೇರಿಸಬೇಕು. ಹಾಗೆಯೇ, ಪ್ರವಾಸಿಗರ ಹೆಸರಿನಲ್ಲಿ ಈ ಕಾಲುದಾರಿಗೆ ಯಾರೂ ಕಾಂಕ್ರೀಟ್ ಹಾಕಬಾರದು.