ಮುಖ ನೋಡಿ ಮನಸ್ಸು ಹೇಳುವ ಕ್ಯಾಮರಾ ಬೇಡ ಮಾರ್ರೆ

ನನ್ನ ತಂಗಿ ಮಂಗಳೂರಿನ ಹಂಪನಕಟ್ಟೆ ಹತ್ರ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುದು. ಹೋದ ತಿಂಗಳು ಅಲ್ಲಿ ಹೊಸ ಕ್ಯಾಮರಾ ಹಾಕಿದ್ರು, ಕಳ್ಳರನ್ನು ಹಿಡಿಯುದಕ್ಕಲ್ಲ, ಅದು ಮೊದ್ಲಿಂದ್ಲೂ ಉಂಟು, ಇದು ಸ್ಟಾಫ್ ಎಷ್ಟು ಸಲ ನಗ್ತಾರೆ, ಎಷ್ಟು ಹೊತ್ತು ಸುಮ್ನೆ ನಿಲ್ತಾರೆ ಅಂತ ಲೆಕ್ಕ ಇಡುವಂಥದ್ದು. ಮೊನ್ನೆ ಅವಳನ್ನು ಕ್ಯಾಬಿನ್‌ಗೆ ಕರೆದು ಸ್ಕ್ರೀನ್ ತೋರಿಸಿದ್ರಂತೆ, ಇಡೀ ಮಧ್ಯಾಹ್ನ ನಿನ್ನ ಮುಖದಲ್ಲಿ 'ಸಿಟ್ಟು' ಅಂತ ಬಂದಿದೆ, ಗಿರಾಕಿಗಳ ಎದುರು ಹೀಗಿದ್ರೆ ಹೇಗೆ ಅಂತ.

ಅವತ್ತು ಬೆಳಿಗ್ಗೆ ಅವಳು ದವಡೆ ಹಲ್ಲು ತೆಗೆಸಿಕೊಂಡು ಬಂದದ್ದು. ಎಡಕೆನ್ನೆ ಊದಿ, ತುಟಿಯ ಒಂದು ಬದಿ ಮರಗಟ್ಟಿ, ನೀರು ಕುಡಿದ್ರೆ ಬಾಯಿಯ ಮೂಲೆಯಿಂದ ಸೋರ್ತಿತ್ತು. ರಜೆ ಸಿಗ್ಲಿಲ್ಲ, ಹಾಗೇ ನಿಂತು ಗಿರಾಕಿಗಳಿಗೆ ಸೀರೆಯ ಮಡಿಕೆ ಬಿಡಿಸಿ ತೋರಿಸಿದ್ದಾಳೆ. ಪಕ್ಕದ ಕೌಂಟರಿನ ಅಕ್ಕ ಮಾತ್ರ ಒಂದೇ ಸಲ ನೋಡಿ "ಎಂತ ಆಯ್ತು ನಿಂಗೆ" ಅಂತ ಕೇಳಿ, ಎದುರಿನ ಜ್ಯೂಸ್ ಅಂಗಡಿಯಿಂದ ಐಸ್ ತಂದುಕೊಟ್ಟಿದ್ದಾರೆ.

ಕ್ಯಾಮರಾಕ್ಕೆ ಗೊತ್ತಾಗುದು ಹುಬ್ಬು ಎಷ್ಟು ಇಳಿದಿದೆ, ತುಟಿಯ ತುದಿ ಎಷ್ಟು ಏರಿದೆ ಅನ್ನುವ ಅಳತೆ ಅಷ್ಟೇ. ಮೊದಲೇ ಹೆಸರು ಹಚ್ಚಿಟ್ಟ ರಾಶಿ ಫೋಟೋಗಳ ಜೊತೆ ಅದನ್ನು ಹೋಲಿಸಿ ಸಿಟ್ಟು, ಬೇಸರ, ಖುಷಿ ಅಂತ ಹೇಳಿಬಿಡ್ತದೆ. 2019ರಲ್ಲಿ ಮನಶ್ಶಾಸ್ತ್ರಜ್ಞೆ ಲಿಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತೆ ಅವರ ಜೊತೆಯ ವಿಜ್ಞಾನಿಗಳು ಇದರ ಬಗ್ಗೆ ಆದ ಸಂಶೋಧನೆಗಳನ್ನೆಲ್ಲ ಕೂತು ನೋಡಿ ಹೇಳಿದ್ದೂ ಇದನ್ನೇ, ಸಿಟ್ಟು ಬಂದವರೆಲ್ಲ ಹುಬ್ಬು ಗಂಟು ಹಾಕುದಿಲ್ಲ, ಹುಬ್ಬು ಗಂಟು ಹಾಕಿದವರಿಗೆಲ್ಲ ಸಿಟ್ಟು ಬಂದಿರುದೂ ಇಲ್ಲ. ಯಕ್ಷಗಾನದ ಆಟ ನೋಡಿ ಬೆಳೆದ ನಮ್ಮೂರಿನವರಿಗೆ ಇದು ಹೊಸತಲ್ಲ, ರಂಗಸ್ಥಳದಲ್ಲಿ ಕಣ್ಣು ಕೆಂಪು ಮಾಡಿ ಅಬ್ಬರಿಸಿದ ಬಣ್ಣದ ವೇಷದವರು, ಅಂದ್ರೆ ರಾಕ್ಷಸನ ಪಾತ್ರದವರು, ಚೌಕಿಗೆ (ವೇಷ ಕಟ್ಟುವ ಜಾಗಕ್ಕೆ) ಬಂದು ಚಾ ಕುಡೀತಾ ಮಕ್ಕಳನ್ನು ಮಾತಾಡಿಸುದು ನಾವೇ ನೋಡಿದ್ದೇವೆ.

ಮೈಕ್ರೋಸಾಫ್ಟ್ ಮುಖ ಗುರುತಿಸುವ ತನ್ನ ಫೇಸ್ ಸರ್ವಿಸ್‌ನಿಂದ ಭಾವನೆ ಊಹಿಸುವ ಭಾಗ ನಿಲ್ಲಿಸ್ತೇವೆ ಅಂತ 2022ರಲ್ಲೇ ಹೇಳಿದೆ. ಯುರೋಪಿಯನ್ ಯೂನಿಯನ್‌ನಲ್ಲಿ 2025ರ ಫೆಬ್ರವರಿ 2ರಿಂದ ಕೆಲಸದ ಜಾಗ, ಶಾಲೆ ಕಾಲೇಜಲ್ಲಿ ಇದು ನಿಷೇಧ, ಚಿಕಿತ್ಸೆ ಮತ್ತೆ ಸುರಕ್ಷತೆಗೆ ಮಾತ್ರ ವಿನಾಯಿತಿ. ನಮ್ಮಲ್ಲಿ 2017ರ ಪುಟ್ಟಸ್ವಾಮಿ ತೀರ್ಪಲ್ಲಿ ಸುಪ್ರೀಂ ಕೋರ್ಟಿನ 9 ಜಡ್ಜ್‌ಗಳು ಖಾಸಗಿತನ ಮೂಲಭೂತ ಹಕ್ಕು ಅಂದ್ರು, ಆದ್ರೆ 2023ರ ವೈಯಕ್ತಿಕ ಡೇಟಾ ರಕ್ಷಣೆಯ ಕಾಯ್ದೆಯಲ್ಲಿ ಉದ್ಯೋಗದ ಉದ್ದೇಶಕ್ಕೆ ಅಂತಾದ್ರೆ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸ್ಲಿಕ್ಕೆ ದಾರಿ ಬಿಟ್ಟಿದ್ದಾರೆ. ನನಗೆ ಹೆದರಿಕೆ ಆಗುದು ಇದೇ.

ಸೆನ್ಸರೇ ಬೇಡ ಅಂತ ನಾನು ಹೇಳುದಿಲ್ಲ. ಮನೆಯಲ್ಲಿ ಒಬ್ಬರೇ ಇರುವ ಅಜ್ಜಿ ರಾತ್ರಿ ಬಿದ್ರೆ ಮಕ್ಕಳಿಗೆ ಮೆಸೇಜ್ ಕಳಿಸುವ ಸೆನ್ಸರ್ ಖಂಡಿತ ಬೇಕು, ಅದು ಬಿದ್ದದ್ದನ್ನು ಹೇಳ್ತದೆ, ಅಜ್ಜಿಯ ಗುಣ ಎಂಥದ್ದು ಅಂತ ಹೇಳ್ಲಿಕ್ಕೆ ಹೋಗುದಿಲ್ಲ.

ತಂಗಿಯ ಅಂಗಡಿಯಲ್ಲಿ ಸಂಬಳ ಜಾಸ್ತಿ ಮಾಡುವಾಗ ಕ್ಯಾಮರಾದ ಆ ರಿಪೋರ್ಟ್ ನೋಡ್ತಾರಂತೆ. ಸೋಮವಾರ ತಂಗಿ ಜೊತೆ ನಾನೂ ಹೋಗ್ತೇನೆ, ಅವತ್ತಿನ ಲೆಕ್ಕವನ್ನು ಅದರಿಂದ ತೆಗೆದು ಹಾಕ್ಲೇಬೇಕು ಅಂತ ಕೇಳ್ಲಿಕ್ಕೆ. ಹಲ್ಲಿನ ಡಾಕ್ಟ್ರ ಚೀಟಿ ಈಗಲೇ ಬ್ಯಾಗಲ್ಲಿ ಇಟ್ಟಾಗಿದೆ.